ಹೊರಡಿ ಅಂದರೆ ಸಾಲದು

2022ರ ಫೆಬ್ರವರಿ 15ರಂದು ಕೀವ್‌ನಲ್ಲಿದ್ದ ಭಾರತದ ರಾಯಭಾರ ಕಚೇರಿ ಒಂದು ಸೂಚನೆ ಹೊರಡಿಸಿತು. ಉಕ್ರೇನಿನಲ್ಲಿರುವ ಭಾರತೀಯರು, ಅದರಲ್ಲೂ ಅಲ್ಲಿ ಇರಲೇಬೇಕಾದ ಜರೂರಿಲ್ಲದ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವ ಬಗ್ಗೆ ಯೋಚಿಸಬಹುದು ಎಂಬುದು ಅದರ ಸಾರ. 20ರಂದು ಇನ್ನೊಂದು ಸೂಚನೆ ಬಂತು, 22ರಂದು ಮತ್ತೊಂದು. 24ರ ನಸುಕಿಗೆ ರಷ್ಯಾದ ಕ್ಷಿಪಣಿಗಳು ಬಿದ್ದವು. ಮೊದಲ ಸೂಚನೆಗೂ ಮೊದಲ ಕ್ಷಿಪಣಿಗೂ ನಡುವೆ ಇದ್ದದ್ದು 9 ದಿನ. ಆಗ ಉಕ್ರೇನಿನಲ್ಲಿ 20 ಸಾವಿರಕ್ಕೂ ಹೆಚ್ಚು ಭಾರತೀಯರಿದ್ದರು, ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳು. ಯುದ್ಧ ಶುರುವಾಗುವ ಮುನ್ನ ಹೊರಟು ಬಂದವರು ಸುಮಾರು 4 ಸಾವಿರ ಮಂದಿ ಮಾತ್ರ.

ಉಳಿದವರ ಕಥೆ ನಮಗೆಲ್ಲ ಗೊತ್ತು. ನೆಲಮಾಳಿಗೆಗಳಲ್ಲಿ ಕಳೆದ ರಾತ್ರಿಗಳು, ಖಾರ್ಕಿವ್‌ನಿಂದ ಕಾಲ್ನಡಿಗೆಯಲ್ಲಿ ಹೊರಟ ಗುಂಪುಗಳು, ಪೋಲೆಂಡ್ ಮತ್ತು ರುಮೇನಿಯಾ ಗಡಿಯ ಚಳಿ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೋದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ಅಂದಿನಿಂದ ಇಂದಿನವರೆಗೂ ಈ ವಿಷಯ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಟೀವಿ ಚರ್ಚೆಯಲ್ಲೂ ಅದೇ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲೂ ಅದೇ. ‘ಮೊದಲೇ ಹೇಳಿದ್ದರಲ್ಲ, ಯಾಕೆ ಬರಲಿಲ್ಲ?’

ಪ್ರಶ್ನೆ ಕೇಳುವವರ ದನಿಯಲ್ಲಿ ಉತ್ತರವೂ ಅಡಗಿರುತ್ತದೆ. ಹುಡುಗರಿಗೆ ಹುಡುಗಾಟ, ತಂದೆತಾಯಿಗೆ ಡಾಕ್ಟರ್ ಹುಚ್ಚು, ಅದಕ್ಕೇ ಬರಲಿಲ್ಲ ಅನ್ನುವುದು ಆ ಉತ್ತರ. ಆ 9 ದಿನಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಅಲ್ಲಿ ಉಳಿದವರಿಗೆ ಹೆದರಿಕೆ ಇರಲಿಲ್ಲ ಅಂತಲ್ಲ. ಯುದ್ಧದ ಹೆದರಿಕೆ ದೊಡ್ಡದಾಗಿತ್ತು, ಆದರೆ ಮಸುಕಾಗಿತ್ತು. ಓದು ಕೆಟ್ಟೀತು ಎಂಬ ಹೆದರಿಕೆ ಚಿಕ್ಕದಾಗಿದ್ದರೂ ಅದಕ್ಕೆ ತಾರೀಖಿತ್ತು, ಮೊತ್ತವಿತ್ತು, ರುಜು ಹಾಕಬೇಕಾದ ಪುಸ್ತಕವಿತ್ತು. ಯುದ್ಧ ಬಂದೀತೋ ಬಾರದೋ ಎಂಬ ಕಾಲದಲ್ಲಿ ಮನುಷ್ಯ ಹೇಗೆ ತೀರ್ಮಾನ ಮಾಡುತ್ತಾನೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮ ಕಾಲದಲ್ಲಿ, ನಮ್ಮ ಮನೆಗಳಿಗೆ ಇಷ್ಟು ಹತ್ತಿರದಲ್ಲಿ, ಬೇರೆ ಇಲ್ಲ.

ಮೊದಲು, ಅವರ ಕಣ್ಣೆದುರು ಇದ್ದದ್ದೇನು ಅಂತ ನೋಡೋಣ. ರಷ್ಯಾ ಉಕ್ರೇನ್ ಗಡಿಗೆ ಸೇನೆ ತಂದು ನಿಲ್ಲಿಸಿದ್ದು ಅದೇ ಮೊದಲಲ್ಲ. 2021ರ ವಸಂತದಲ್ಲಿಯೂ ಸುಮಾರು ಒಂದು ಲಕ್ಷ ಸೈನಿಕರನ್ನು ತಂದಿತ್ತು. ಜಗತ್ತು ಗಾಬರಿಯಾಯಿತು, ಏಪ್ರಿಲ್ ಕೊನೆಗೆ ಸೇನೆ ವಾಪಸಾಗುತ್ತದೆ ಎಂಬ ಪ್ರಕಟಣೆ ಬಂತು, ಗಾಬರಿ ಇಳಿಯಿತು. ವರ್ಷದ ಕೊನೆಗೆ ಮತ್ತೆ ಸೇನೆ ಜಮಾಯಿಸಿತು. 2022ರ ಫೆಬ್ರವರಿ 11ರಂದು ಅಮೆರಿಕ, ಬೀಜಿಂಗ್‌ನ ಚಳಿಗಾಲದ ಒಲಿಂಪಿಕ್ಸ್ ಮುಗಿಯುವ ಮೊದಲೇ ದಾಳಿ ಆಗಬಹುದು ಎಂದಿತು. 15ರಂದು ರಷ್ಯಾ, ಕೆಲವು ತುಕಡಿಗಳು ಕವಾಯತು ಮುಗಿಸಿ ನೆಲೆಗೆ ಮರಳುತ್ತಿವೆ ಎಂದಿತು. 16ರಂದೇ ದಾಳಿ ಎಂದು ಪತ್ರಿಕೆಗಳು ಬರೆದವು. ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಅದೇ ದಿನವನ್ನು ಏಕತಾ ದಿನ ಎಂದು ಘೋಷಿಸಿ ಬಾವುಟ ಹಾರಿಸಲು ಹೇಳಿದರು. 16 ಬಂತು, ಹೋಯಿತು, ಏನೂ ಆಗಲಿಲ್ಲ. 17ರ ಬೆಳಿಗ್ಗೆ ತರಗತಿಗೆ ಹೋಗುವ ಹುಡುಗನಿಗೆ ಅದು ಏನು ಹೇಳಿಕೊಟ್ಟಿರಬೇಕು? ಟೀವಿಯವರು ಹೇಳಿದ ದಿನ ಸುಳ್ಳಾಯಿತು ಅಂತ.

ಎರಡನೆಯದು, ಸುತ್ತಲಿನ ಜನ. ಉಕ್ರೇನಿಗರಿಗೆ ಯುದ್ಧ ಹೊಸದಾಗಿರಲಿಲ್ಲ. 2014ರಲ್ಲಿ ಕ್ರೈಮಿಯ ಕೈತಪ್ಪಿತ್ತು, ಪೂರ್ವದ ಡೊನ್‌ಬಾಸ್‌ನಲ್ಲಿ ಆಗಿನಿಂದಲೂ ಕಾದಾಟ ನಡೆದೇ ಇತ್ತು. 8 ವರ್ಷಗಳಲ್ಲಿ ಸುಮಾರು 14 ಸಾವಿರ ಜನ ಸತ್ತಿದ್ದರು. ಯುದ್ಧ ಒಂದು ಮೂಲೆಯಲ್ಲಿ ನಡೆಯುತ್ತಲೇ ಉಳಿದ ದೇಶ ಮದುವೆ, ಪರೀಕ್ಷೆ, ಮನೆ ಸಾಲ ಅಂತ ಬದುಕುವುದನ್ನು ಕಲಿತಿತ್ತು. ರಷ್ಯಾ ಗಡಿಯಿಂದ 40 ಕಿಲೋಮೀಟರ್ ದೂರದ ಖಾರ್ಕಿವ್‌ನಲ್ಲಂತೂ ಬಹುತೇಕರ ಮನೆಮಾತು ರಷ್ಯನ್, ನೆಂಟರಿಷ್ಟರು ಗಡಿಯಾಚೆ. ಫೆಬ್ರವರಿ 5ರಂದು ಸಾವಿರಾರು ಜನ ಆ ಊರಿನ ಬೀದಿಗಳಲ್ಲಿ ಬಾವುಟ ಹಿಡಿದು ನಡೆದರು, ಖಾರ್ಕಿವ್ ಉಕ್ರೇನಿನದು ಎಂದು ಸಾರಿದರು. ಕೀವ್‌ನಲ್ಲಿ ವಾರಾಂತ್ಯಕ್ಕೆ ಸಾಮಾನ್ಯ ನಾಗರಿಕರು ಕಾಡಿನಂಚಿಗೆ ಹೋಗಿ ಮರದಲ್ಲಿ ಕೆತ್ತಿದ ಬಂದೂಕು ಹಿಡಿದು ಕವಾಯತು ಮಾಡಿದರು. ಅದೇ ಸಂಜೆ ಕೆಫೆಗಳೂ ತುಂಬಿರುತ್ತಿದ್ದವು. ಎಷ್ಟೋ ಮನೆಗಳಲ್ಲಿ ಬಾಗಿಲ ಬಳಿ ಒಂದು ಚೀಲ ತಯಾರಾಗಿತ್ತು. ಪಾಸ್‌ಪೋರ್ಟ್, ಮನೆಪತ್ರ, ಔಷಧಿ, ಟಾರ್ಚ್, ಪವರ್ ಬ್ಯಾಂಕ್, ಒಂದಿಷ್ಟು ನಗದು, ಒಣ ತಿಂಡಿ. ಚೀಲ ಕಟ್ಟಿಟ್ಟು ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋಗುತ್ತಿದ್ದರು.

ಇದನ್ನು ಇಬ್ಬಗೆತನ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಚೀಲ ಕಟ್ಟುವುದು ಒಂದು ಗಂಟೆಯ ಕೆಲಸ, ಕೈಯಿಂದ ಹೋಗುವುದೇನೂ ಇಲ್ಲ. ಊರು ಬಿಡುವುದು ಅಂದರೆ ಕೆಲಸ ಬಿಡಬೇಕು, ವಯಸ್ಸಾದ ತಾಯಿಯನ್ನು ಒಪ್ಪಿಸಬೇಕು, ಮಗುವಿನ ಶಾಲೆ ತಪ್ಪಿಸಬೇಕು, ಬಾಡಿಗೆ ಎರಡು ಕಡೆ ಕಟ್ಟಬೇಕು. ಆತಂಕವಿದ್ದಾಗ ಜನ ತಮ್ಮ ಕೈಗೆಟುಕುವಷ್ಟನ್ನು ಮಾಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ಕೈಗೆಟುಕದ್ದನ್ನು ನಾಳೆಗೆ ತಳ್ಳುತ್ತಾರೆ.

ಸರ್ಕಾರದ ಮಾತೂ ಹಾಗೆಯೇ ಇತ್ತು. ಜನವರಿ 28ರಂದು ಝೆಲೆನ್‌ಸ್ಕಿ ವಿದೇಶಿ ಪತ್ರಕರ್ತರನ್ನು ಕರೆದು, ಗಾಬರಿ ಹಬ್ಬಿಸಬೇಡಿ, ನಮ್ಮ ಆರ್ಥಿಕತೆ ಕುಸಿಯುತ್ತದೆ ಎಂದರು. ಆ ವರ್ಷದ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್‌ಗೆ ಕೊಟ್ಟ ಸಂದರ್ಶನದಲ್ಲಿ ಅದರ ಲೆಕ್ಕವನ್ನೂ ಬಿಚ್ಚಿಟ್ಟರು. ಮೊದಲೇ ಜನರನ್ನು ಎಚ್ಚರಿಸಿದ್ದರೆ ತಿಂಗಳಿಗೆ 700 ಕೋಟಿ ಡಾಲರ್ ಕಳೆದುಕೊಳ್ಳುತ್ತಿದ್ದೆವು, ಜನ ಖಾಲಿಯಾದ ದೇಶವನ್ನು ರಷ್ಯಾ ಮೂರೇ ದಿನದಲ್ಲಿ ನುಂಗುತ್ತಿತ್ತು ಎಂಬ ಅರ್ಥದ ಮಾತದು. ಆ ಮಾತಿಗೆ ಅವರದೇ ದೇಶದಲ್ಲಿ ಸಿಟ್ಟಾದವರಿದ್ದಾರೆ, ಒಪ್ಪಿದವರೂ ಇದ್ದಾರೆ. ಸರಿಯೋ ತಪ್ಪೋ, ಹೊರಗಿನಿಂದ ಓದಲು ಬಂದ ಹುಡುಗನ ಕಿವಿಗೆ ಬಿದ್ದದ್ದು ಇಷ್ಟು: ಈ ದೇಶದ ಅಧ್ಯಕ್ಷನೇ ಗಾಬರಿಯಾಗಬೇಡಿ ಅಂತಿದ್ದಾರೆ.

ಮೂರನೆಯದು, ಮನೆಯ ಲೆಕ್ಕ. ನನ್ನ ಮಟ್ಟಿಗೆ ಇದೇ ಮುಖ್ಯ.

ಕರ್ನಾಟಕದ ಹುಡುಗ ಉಕ್ರೇನಿಗೆ ಯಾಕೆ ಹೋದ? ನೀಟ್‌ನಲ್ಲಿ ಅರ್ಹತೆ ಪಡೆದಿದ್ದ, ಸರ್ಕಾರಿ ಸೀಟಿಗೆ ರ‍್ಯಾಂಕ್ ಸಾಲಲಿಲ್ಲ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಇಡೀ ಕೋರ್ಸಿಗೆ ಅರ್ಧ ಕೋಟಿಯಿಂದ ಕೋಟಿ ದಾಟುತ್ತದೆ. ಉಕ್ರೇನಿನಲ್ಲಿ 6 ವರ್ಷದ ಕೋರ್ಸು ಊಟ ವಸತಿ ಸೇರಿ 25–30 ಲಕ್ಷದಲ್ಲಿ ಮುಗಿಯುತ್ತಿತ್ತು. ಆ 25 ಲಕ್ಷವೂ ಪೆಟ್ಟಿಗೆಯಲ್ಲಿ ಇದ್ದ ಹಣವಲ್ಲ. ಶಿಕ್ಷಣ ಸಾಲ ಒಂದಿಷ್ಟು, ಅಡವಿಟ್ಟ ಬಂಗಾರ ಒಂದಿಷ್ಟು, ಹೊಲದ ಪತ್ರದ ಮೇಲೆ ಒಂದಿಷ್ಟು, ಸೋದರಮಾವನ ಕೈಗಡ ಒಂದಿಷ್ಟು. ಕೋವಿಡ್‌ನಿಂದ ಹೆಚ್ಚುಕಡಿಮೆ ಎರಡು ವರ್ಷ ಓದು ಅಸ್ತವ್ಯಸ್ತವಾಗಿತ್ತು. ಆಗಷ್ಟೇ ಹುಡುಗರು ಮತ್ತೆ ಹೋಗಿದ್ದರು, ಹೋಗುವ ಟಿಕೆಟ್ಟಿನ ಸಾಲವೇ ಇನ್ನೂ ತೀರಿರಲಿಲ್ಲ. 2021ರ ಪ್ರವೇಶದ ಮಕ್ಕಳಲ್ಲಿ ಕೆಲವರು ಬಂದು ಎರಡು ತಿಂಗಳೂ ಆಗಿರಲಿಲ್ಲ.

ಫೆಬ್ರವರಿ ಅಂದರೆ ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಒಣಮೆಣಸಿನಕಾಯಿ ಚೀಲಗಳು ಬಂದು ಬೀಳುವ ಕಾಲ. ವರ್ಷದ ಲೇವಾದೇವಿಯೆಲ್ಲ ಆ ಟೆಂಡರಿನ ದರದ ಮೇಲೆ ನಿಂತಿರುತ್ತದೆ. ಇಂಥ ಒಂದು ಮನೆಗೆ ಆ ವಾರ ಖಾರ್ಕಿವ್‌ನಿಂದ ಫೋನ್ ಬಂದಿದ್ದರೆ ಮಾತು ಹೆಚ್ಚುಕಡಿಮೆ ಹೀಗೆ ನಡೆದಿರುತ್ತದೆ. ಅಲ್ಲಿಗೂ ಇಲ್ಲಿಗೂ ಮೂರೂವರೆ ತಾಸಿನ ಅಂತರ. ಇಲ್ಲಿ ಊಟ ಮುಗಿಸಿ ಕೂತ ಹೊತ್ತಿಗೆ ಅಲ್ಲಿ ತರಗತಿ ಬಿಟ್ಟಿರುತ್ತದೆ.

‘ಟೀವ್ಯಾಗ ಏನೇನೋ ತೋರಿಸಾಕತ್ತಾರಲ್ಲೋ. ಅಲ್ಲಿ ಹೆಂಗೈತಿ?’

‘ಇಲ್ಲೇನೂ ಇಲ್ಲಪ್ಪಾ. ಅಂಗಡಿ ಎಲ್ಲಾ ತೆರದಾವು, ಬಸ್ ಓಡಾಕತ್ತಾವು. ಕ್ಲಾಸೂ ನಡದಾವು.’

‘ಎಂಬಸಿಯವ್ರು ಬರ್ರಿ ಅಂದಾರಂತ?’

‘ಬರೂದಿದ್ರ ಬರ್ರಿ ಅಂದಾರ. ಕಾಲೇಜಿನವ್ರು ಆನ್‌ಲೈನ್ ಮಾಡೂದಿಲ್ಲ ಅಂತಾರ. ಹೋದ್ರ ಅಟೆಂಡೆನ್ಸ್ ಹೋಕ್ಕೈತಿ.’

‘ಟಿಕೆಟ್ ಎಷ್ಟಾಗೇತಿ?’

‘ಡಬಲ್ ಆಗೇತಿ. ಮತ್ತ ವಾಪಸ್ ಬರಾಕೂ ಅಷ್ಟ ಬೇಕು.’

ಒಂದು ಕ್ಷಣ ಇಬ್ಬರೂ ಸುಮ್ಮನಾಗುತ್ತಾರೆ. ಆಮೇಲೆ ಅವ್ವ ಫೋನ್ ಕಸಿದುಕೊಳ್ಳುತ್ತಾಳೆ. ‘ರೊಕ್ಕದ ಚಿಂತಿ ನೀ ಮಾಡಬ್ಯಾಡ, ಬಂದಬಿಡು’ ಅನ್ನುತ್ತಾಳೆ. ರೊಕ್ಕದ ಚಿಂತೆಯನ್ನು ಯಾರು ಮಾಡುತ್ತಾರೆ ಅನ್ನುವುದು ಮಗನಿಗೆ ಗೊತ್ತಿದೆ. ‘ನಾಕ್ ದಿನ ನೋಡ್ತೀನವ್ವಾ’ ಅನ್ನುತ್ತಾನೆ.

ಈ ನಾಲ್ಕು ದಿನದಲ್ಲಿ ಮೂರ್ಖತನ ಎಲ್ಲಿದೆ ಅಂತ ನಾನು ಹುಡುಕಿದ್ದೇನೆ, ಸಿಕ್ಕಿಲ್ಲ. ಹುಡುಗ ಹೇಳಿದ ಪ್ರತಿಯೊಂದು ಮಾತೂ ಅಂದಿಗೆ ನಿಜ. ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯಗಳಲ್ಲಿ ಹಾಜರಿ ಬಿಗಿ. ಅದಕ್ಕೂ ಮೇಲೆ ನಮ್ಮದೇ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮವಿತ್ತು. 2021ರ ನವೆಂಬರಿನಲ್ಲಿ ಆಯೋಗ ಹೊಸ ನಿಯಮಾವಳಿ ತಂದಿತು. ವಿದೇಶದಲ್ಲಿ ಓದಿದವರು ಭಾರತದಲ್ಲಿ ವೈದ್ಯರಾಗಬೇಕಾದರೆ ಕನಿಷ್ಠ 54 ತಿಂಗಳ ಕೋರ್ಸನ್ನು ಒಂದೇ ಸಂಸ್ಥೆಯಲ್ಲಿ ಮುಗಿಸಬೇಕು, 12 ತಿಂಗಳ ಇಂಟರ್ನ್‌ಶಿಪ್ಪೂ ಅಲ್ಲೇ ಆಗಬೇಕು ಎಂದಿತು. ಕಳಪೆ ಕಾಲೇಜುಗಳನ್ನು ತಡೆಯಲು ತಂದ ನಿಯಮವದು, ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಅದರ ಬಗ್ಗೆ ಆಗಷ್ಟೇ ಓದಿ ತಲೆಬಿಸಿ ಮಾಡಿಕೊಂಡಿದ್ದ ಹುಡುಗರಿಗೆ, ಆನ್‌ಲೈನ್ ತರಗತಿ ಕೊಟ್ಟರೂ ನಾಳೆ ಭಾರತದಲ್ಲಿ ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಅನುಮಾನ ಇದ್ದೇ ಇತ್ತು. ಯುದ್ಧ ಬಂದರೂ ಬರಬಹುದು, ಬರದೆಯೂ ಇರಬಹುದು. ಹಾಜರಿ ಮಾತ್ರ ನಾಳೆ ಬೆಳಿಗ್ಗೆಯೇ ತೆಗೆದುಕೊಳ್ಳುತ್ತಾರೆ.

ರಾಯಭಾರ ಕಚೇರಿಗೂ ಇದು ಗೊತ್ತಾಗಿತ್ತು. ಫೆಬ್ರವರಿ 22ರ ಸೂಚನೆಯಲ್ಲಿ, ಆನ್‌ಲೈನ್ ತರಗತಿ ಬಗ್ಗೆ ಕೇಳಿ ಬಹಳಷ್ಟು ಕರೆಗಳು ಬರುತ್ತಿವೆ, ವಿಶ್ವವಿದ್ಯಾಲಯಗಳ ಖಚಿತ ಉತ್ತರಕ್ಕೆ ಕಾಯದೆ ಹೊರಡಿ ಎಂದು ಅದು ಹೇಳಿತು. ಯುದ್ಧಕ್ಕೆ ಎರಡು ದಿನ ಮುಂಚೆ ಜನ ರಾಯಭಾರ ಕಚೇರಿಗೆ ಫೋನ್ ಮಾಡಿ ಕೇಳುತ್ತಿದ್ದದ್ದು ಬಾಂಬಿನ ಬಗ್ಗೆ ಅಲ್ಲ, ಹಾಜರಿಯ ಬಗ್ಗೆ. ಮಾರ್ಚ್ 15ರಂದು ಸಂಸತ್ತಿನಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಅವರೂ ಇದನ್ನೇ ಹೇಳಿದರು. ಓದಿಗೆ ತೊಂದರೆಯಾದೀತೆಂಬ ಭಯದಿಂದ ಬಹುಪಾಲು ವಿದ್ಯಾರ್ಥಿಗಳು ಉಳಿದರು, ಕೆಲವು ವಿಶ್ವವಿದ್ಯಾಲಯಗಳು ಹೊರಡುವುದನ್ನು ಪ್ರೋತ್ಸಾಹಿಸಲಿಲ್ಲ, ಆನ್‌ಲೈನ್ ತರಗತಿಗೂ ಮನಸ್ಸು ಮಾಡಲಿಲ್ಲ ಎಂಬುದು ಅವರ ಹೇಳಿಕೆಯ ತಿರುಳು.

ಎಚ್ಚರಿಕೆಯನ್ನು ಜನ ಹೇಗೆ ಸ್ವೀಕರಿಸುತ್ತಾರೆ ಅನ್ನುವುದರ ಬಗ್ಗೆ ಒಂದು ಅಧ್ಯಯನ ಶಾಖೆಯೇ ಇದೆ. ಅಮೆರಿಕದ ಡೆನಿಸ್ ಮಿಲೆಟಿ ಮತ್ತು ಜಾನ್ ಸೊರೆನ್ಸನ್ ಚಂಡಮಾರುತ, ಪ್ರವಾಹ, ಕಾರ್ಖಾನೆ ಅಪಘಾತಗಳ ಕುರಿತ ಹಳೆಯ ಸಂಶೋಧನೆಗಳನ್ನೆಲ್ಲ ಒಟ್ಟು ಮಾಡಿ 1990ರಲ್ಲಿ ಒಂದು ವರದಿ ಬರೆದರು. ಎಚ್ಚರಿಕೆ ಕಿವಿಗೆ ಬಿದ್ದ ತಕ್ಷಣ ಯಾರೂ ಎದ್ದು ಓಡುವುದಿಲ್ಲ ಅನ್ನುವುದು ಅದರಿಂದ ತಿಳಿಯುವ ಮೊದಲ ಪಾಠ. ಜನ ಕೇಳಿಸಿಕೊಳ್ಳುತ್ತಾರೆ, ಅರ್ಥ ಮಾಡಿಕೊಳ್ಳುತ್ತಾರೆ, ನಂಬಬೇಕೋ ಬೇಡವೋ ಯೋಚಿಸುತ್ತಾರೆ, ಇದು ನನಗೂ ಅನ್ವಯಿಸುತ್ತದೆಯೇ ಅಂತ ನೋಡುತ್ತಾರೆ, ಆಮೇಲೆ ಅಕ್ಕಪಕ್ಕದವರನ್ನು ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಇಷ್ಟಾದ ಮೇಲೆ ಕಾಲು ಕೀಳುತ್ತಾರೆ. ಎಚ್ಚರಿಕೆ ಎಷ್ಟು ಖಚಿತ, ಎಷ್ಟು ಸ್ಪಷ್ಟ, ಬೇರೆ ಬೇರೆ ಮೂಲಗಳು ಒಂದೇ ಮಾತು ಹೇಳುತ್ತಿವೆಯೋ, ಏನು ಮಾಡಬೇಕೆಂದು ಬಿಡಿಸಿ ಹೇಳಿದೆಯೋ ಅನ್ನುವುದರ ಮೇಲೆ ಈ ಮೆಟ್ಟಿಲುಗಳು ಬೇಗ ಹತ್ತಿ ಮುಗಿಯುತ್ತವೆ, ಇಲ್ಲವೇ ನಡುವೆಯೇ ನಿಂತುಬಿಡುತ್ತವೆ.

ಈ ಅಳತೆಗೋಲು ಹಿಡಿದು ಆ 9 ದಿನ ನೋಡಿ. ಅಮೆರಿಕ ಒಂದು ಹೇಳಿತು, ರಷ್ಯಾ ಇನ್ನೊಂದು, ಉಕ್ರೇನ್ ಮತ್ತೊಂದು. ನಮ್ಮ ರಾಯಭಾರ ಕಚೇರಿ ಮೊದಲು ಯೋಚಿಸಬಹುದು ಎಂದಿತು. ಕಾಲೇಜು ಇಲ್ಲೇ ಇರಿ ಎಂದಿತು. ಹುಡುಗರು ಹಾಸ್ಟೆಲ್ಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು. ಪಕ್ಕದ ಕೋಣೆಯವನು ಹೊರಟರೆ ನಾನೂ ಹೊರಡುವುದು ಎಂದು ಒಬ್ಬ, ಸೀನಿಯರ್‌ಗಳು ಹೊರಟರೆ ನೋಡೋಣ ಎಂದು ಇನ್ನೊಬ್ಬ. ಎಲ್ಲರೂ ಇನ್ನೊಬ್ಬರನ್ನು ನೋಡುತ್ತ ಕೂತರೆ ಯಾರೂ ಏಳುವುದಿಲ್ಲ. ಹೊರಟ 4 ಸಾವಿರ ಮಂದಿಗೆ ಉಳಿದವರಿಗಿಂತ ದೂರದೃಷ್ಟಿ ಹೆಚ್ಚಿತ್ತು ಎಂದು ಹೇಳಲು ನನಗೆ ಯಾವ ಆಧಾರವೂ ಕಾಣುವುದಿಲ್ಲ. ಕೆಲವರಿಗೆ ಕಾಲೇಜು ಒಪ್ಪಿತು, ಕೆಲವರಿಗೆ ಟಿಕೆಟ್ಟಿಗೆ ಹಣ ಹೊಂದಿತು. ಬ್ಯಾಡಗಿ ಸೀಮೆಯ ಕಣದಲ್ಲಿ ಮೆಣಸಿನಕಾಯಿ ಒಣಹಾಕಿದಾಗ ಮೋಡ ಕವಿದರೆ ಅದು ಎಲ್ಲರಿಗೂ ಕಾಣುತ್ತದೆ, ತಾಡಪತ್ರಿ ಇದ್ದವನು ಮಾತ್ರ ಮುಚ್ಚುತ್ತಾನೆ. ಉಳಿದವನಿಗೆ ಮೋಡ ನೋಡಲು ಬರುವುದಿಲ್ಲ ಅನ್ನುವುದು ಅನ್ಯಾಯದ ಮಾತು.

ಟಿಕೆಟ್ಟಿನ ವಿಷಯದಲ್ಲೂ ಅಷ್ಟೇ. ಕೋವಿಡ್ ಕಾಲದ ಒಪ್ಪಂದದ ಪ್ರಕಾರ ಉಕ್ರೇನಿಗೆ ಹೋಗಿಬರುವ ವಿಮಾನ ಮತ್ತು ಸೀಟುಗಳ ಮೇಲೆ ಇದ್ದ ಮಿತಿಯನ್ನು ನಮ್ಮ ಸರ್ಕಾರ ತೆಗೆದದ್ದು ಫೆಬ್ರವರಿ 17ರಂದು. ಏರ್ ಇಂಡಿಯಾದ ಮೊದಲ ವಿಶೇಷ ವಿಮಾನ ಸುಮಾರು 240 ಜನರನ್ನು ಹೊತ್ತು ಬಂದದ್ದು 22ರ ರಾತ್ರಿ. ಎರಡನೆಯದು 24ರ ಬೆಳಿಗ್ಗೆ ಹೊರಟಿತು. ಉಕ್ರೇನ್ ತನ್ನ ವಾಯುಪ್ರದೇಶ ಮುಚ್ಚಿದ್ದರಿಂದ ಅರ್ಧ ದಾರಿಯಲ್ಲೇ ದೆಹಲಿಗೆ ತಿರುಗಿತು. ಅದರಲ್ಲಿ ಬರಬೇಕಿದ್ದವರು ವಿಮಾನ ನಿಲ್ದಾಣದ ಹಾದಿಯಲ್ಲಿದ್ದರು.

ಆಮೇಲೆ ನಡೆದದ್ದನ್ನು ನೋಡಿ. ಫೆಬ್ರವರಿ 26ರಿಂದ ಆಪರೇಷನ್ ಗಂಗಾ ಶುರುವಾಯಿತು. ರುಮೇನಿಯಾ, ಹಂಗೇರಿ, ಪೋಲೆಂಡ್, ಸ್ಲೊವಾಕಿಯಾಗಳಿಂದ 90 ವಿಮಾನಗಳು ಹಾರಿದವು, ಅದರಲ್ಲಿ 14 ವಾಯುಪಡೆಯವು. ಹುಡುಗರಿಂದ ಟಿಕೆಟ್ಟಿನ ಕಾಸು ಕೇಳಲಿಲ್ಲ. ಯುದ್ಧಕ್ಕೆ ಮುಂಚೆ ಬಂದವರೂ ಸೇರಿ ಒಟ್ಟು ಸುಮಾರು 22,500 ಮಂದಿ ಮರಳಿದರು. ದೊಡ್ಡ ಕೆಲಸ, ಸಂಶಯವಿಲ್ಲ. ಮಾರ್ಚ್ ಮುಗಿಯುವ ಮೊದಲೇ ಉಕ್ರೇನಿನ ವಿಶ್ವವಿದ್ಯಾಲಯಗಳು ತರಗತಿಗಳನ್ನು ಮತ್ತೆ ಆರಂಭಿಸಿದವು, ಆನ್‌ಲೈನಿನಲ್ಲಿ. ಭಾರತದ ವೈದ್ಯಕೀಯ ಆಯೋಗವೂ ಆ ವರ್ಷವೇ ನಿಯಮ ಸಡಿಲಿಸಿತು. ಕೊನೆಯ ವರ್ಷದವರಿಗೆ ಜುಲೈನಲ್ಲಿ ರಿಯಾಯಿತಿ ಸಿಕ್ಕಿತು, ಬೇರೆ ದೇಶದ ಕಾಲೇಜಿನಲ್ಲಿ ಓದು ಮುಂದುವರಿಸಲು ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅಂದರೆ ಹುಡುಗರ ಕಾಲು ಕಟ್ಟಿಹಾಕಿದ್ದ ಮೂರು ಗಂಟುಗಳೂ, ಟಿಕೆಟ್ಟು, ಹಾಜರಿ, ನಿಯಮ, ಬಿಚ್ಚಬಹುದಾದವೇ ಆಗಿದ್ದವು. ಬಿಚ್ಚಿದ್ದು ಯುದ್ಧ ಶುರುವಾದ ಮೇಲೆ. ಅದರಲ್ಲಿ ಅರ್ಧವನ್ನು ಫೆಬ್ರವರಿ 15ರಂದೇ ಬಿಚ್ಚಿದ್ದರೆ ಎಷ್ಟು ಜನ ನೆಲಮಾಳಿಗೆಗೆ ಇಳಿಯುವ ಪ್ರಮೇಯವೇ ಬರುತ್ತಿರಲಿಲ್ಲ ಅನ್ನುವುದನ್ನು ನಾವೆಲ್ಲ ಕೂತು ಯೋಚಿಸಬೇಕು.

ಇದು ಊಹೆಯಷ್ಟೇ ಅನ್ನುವವರಿಗೆ ಅದೇ ವರ್ಷದ ಅಕ್ಟೋಬರ್ ಉತ್ತರ ಕೊಡುತ್ತದೆ. ಅಷ್ಟರಲ್ಲಿ ನೂರಾರು ವಿದ್ಯಾರ್ಥಿಗಳು ಯುದ್ಧ ನಡೆಯುತ್ತಿರುವಾಗಲೇ ಉಕ್ರೇನಿಗೆ ಮರಳಿದ್ದರು. ಭಾರತದ ಕಾಲೇಜುಗಳಲ್ಲಿ ಅವರಿಗೆ ಸೀಟು ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಸರ್ಕಾರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಅಕ್ಟೋಬರ್ 19ರಂದು ರಾಯಭಾರ ಕಚೇರಿ ಮತ್ತೆ ಸೂಚನೆ ಕೊಟ್ಟಿತು. ಈ ಸಲ ಮಾತಿನಲ್ಲಿ ಮಸುಕಿರಲಿಲ್ಲ, ಆದಷ್ಟು ಬೇಗ ಉಕ್ರೇನ್ ಬಿಡಿ ಎಂದಿತು. ಕ್ಷಿಪಣಿಗಳು ದಿನವೂ ಬೀಳುತ್ತಿದ್ದವು, ಸೈರನ್ ಎಲ್ಲರಿಗೂ ಕೇಳಿಸುತ್ತಿತ್ತು. ಆದರೂ ಬಹಳಷ್ಟು ಮಂದಿ ಕದಲಲಿಲ್ಲ. ಫೆಬ್ರವರಿಯಲ್ಲಿ ಅಪಾಯ ಕಾಣಲಿಲ್ಲ ಎನ್ನಬಹುದು. ಅಕ್ಟೋಬರಿನಲ್ಲಿ ಹಾಗೆನ್ನಲು ಬರುವುದಿಲ್ಲ. ಕಣ್ಣೆದುರು ಯುದ್ಧವಿದ್ದರೂ ಡಿಗ್ರಿ ಮುಗಿಸದೆ ಊರಿಗೆ ಹೋಗಿ ಸಾಲಗಾರರ ಮುಖ ನೋಡುವುದು ಅದಕ್ಕಿಂತ ಕಷ್ಟ ಎಂದು ಅವರಿಗೆ ಕಂಡಿತ್ತು.

ಯುದ್ಧ ಬರಬಹುದಾದ ಹೊತ್ತಿನಲ್ಲಿ ಜನ ಆಸೆ ಇಟ್ಟುಕೊಳ್ಳುವುದು ಶಾಂತಿಯ ಮೇಲೆ ಎಂದು ನಾವು ತಿಳಿದಿರುತ್ತೇವೆ. ಶಾಂತಿ ದೊಡ್ಡವರ ಮಾತು. ಮನೆಯ ಆಸೆ ಇನ್ನೂ ಸಣ್ಣದು, ಇನ್ನೂ ಗಟ್ಟಿ. ಈ ಸೆಮಿಸ್ಟರ್ ಮುಗಿದರೆ ಸಾಕು, ಈ ತಿಂಗಳ ಸಂಬಳ ಕೈಗೆ ಬಂದರೆ ಸಾಕು, ತಂದ ಸರಕು ಮಾರಿಹೋದರೆ ಸಾಕು.

ಇದು ಡಾಕ್ಟರ್ ಓದಿಗಷ್ಟೇ ಸೀಮಿತವಲ್ಲ. 1990ರ ಜುಲೈ ಕೊನೆಯಲ್ಲಿ ಇರಾಕಿನ ಸೇನೆ ಕುವೈತ್ ಗಡಿಯಲ್ಲಿ ನೆರೆದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಕರಾವಳಿಯ ಎಷ್ಟೋ ಮನೆಗಳ ಗಂಡಸರು ಅಲ್ಲಿದ್ದರು. ಆಗಸ್ಟ್ 2ರಂದು ಕುವೈತ್ ಬಿದ್ದಾಗ ಅವರು ಅಲ್ಲೇ ಇದ್ದರು. ಆಮೇಲೆ ಸುಮಾರು 1 ಲಕ್ಷ 70 ಸಾವಿರ ಭಾರತೀಯರನ್ನು ಹೆಚ್ಚಾಗಿ ಜೋರ್ಡಾನಿನ ಅಮ್ಮಾನ್ ಮೂಲಕ ಕರೆತರಬೇಕಾಯಿತು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಸೇನೆಯೂ ಅರೆಸೇನಾ ಪಡೆಯೂ ಕಾದಾಡತೊಡಗಿದಾಗ ನಮ್ಮ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಸಮುದಾಯದ 30ಕ್ಕೂ ಹೆಚ್ಚು ಮಂದಿ ಅಲ್ಲಿ ಸಿಕ್ಕಿಬಿದ್ದಿದ್ದರು, ಗಿಡಮೂಲಿಕೆ ಔಷಧಿ ಮಾರಲು ಹೋದವರು. 2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿದಾಗ ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಮನೆಗಳಲ್ಲಿ ಫೋನ್‌ಗಳು ಬಿಡುವಿಲ್ಲದೆ ಬಡಿದುಕೊಂಡವು, ಆ ಊರಿನ ಮಕ್ಕಳು ಇರಾನಿಗೆ ಓದಲು ಹೋಗುವುದು ಹಳೆಯ ರೂಢಿ. ದೇಶ ಬೇರೆ, ಯುದ್ಧ ಬೇರೆ. ಸಾಲ ಮಾಡಿ ಹೋದವನು ಬರಿಗೈಯಲ್ಲಿ ಹೇಗೆ ಬರಲಿ ಅನ್ನುವ ಚಿಂತೆ ಎಲ್ಲೆಡೆ ಒಂದೇ.

ಹಾಗಿದ್ದರೆ ಮಾಡಬೇಕಾದದ್ದೇನು? ಮನೆಯವರು ಮಾಡಬಹುದಾದದ್ದು ಒಂದಿದೆ. ಮಾತುಗಳನ್ನು ಬಿಟ್ಟು, ಯಾರ ದುಡ್ಡು ಮತ್ತು ಯಾರ ಹೆಂಡತಿ ಮಕ್ಕಳು ಯಾವ ಕಡೆ ಹೊರಟಿದ್ದಾರೆ ಅಂತ ನೋಡುವುದು. 2022ರ ಆ ದಿನಗಳಲ್ಲಿ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ, ನಡೆಗಳು ಮಾತ್ರ ಒಂದೇ ದಿಕ್ಕಿಗಿದ್ದವು. ಫೆಬ್ರವರಿ 12ರಂದು ಡಚ್ ವಿಮಾನ ಸಂಸ್ಥೆ ಕೆಎಲ್‌ಎಂ ಉಕ್ರೇನಿಗೆ ಹಾರುವುದನ್ನು ನಿಲ್ಲಿಸಿತು. ವಿಮಾ ಕಂಪನಿಗಳು ಹಿಂದೆ ಸರಿದಾಗ ಉಕ್ರೇನ್ ಸರ್ಕಾರವೇ ವಿಮಾನಗಳ ಭದ್ರತೆಗೆಂದು 16.6 ಶತಕೋಟಿ ಹ್ರಿವ್ನಿಯಾ ತೆಗೆದಿಡಬೇಕಾಯಿತು. 14ರಂದು ಅಮೆರಿಕ ತನ್ನ ರಾಯಭಾರ ಕಚೇರಿಯನ್ನು ಕೀವ್‌ನಿಂದ ಪಶ್ಚಿಮದ ಲ್ವೀವ್‌ಗೆ ಸಾಗಿಸಿತು. ಅದೇ ದಿನ ಝೆಲೆನ್‌ಸ್ಕಿ, ದೇಶ ಬಿಟ್ಟು ಹೋದ ರಾಜಕಾರಣಿಗಳೂ ಉದ್ಯಮಿಗಳೂ 24 ಗಂಟೆಯಲ್ಲಿ ಮರಳಬೇಕು ಎಂದು ಕರೆ ಕೊಟ್ಟರು, ಅಂದರೆ ಅವರು ಆಗಲೇ ಹೋಗಿದ್ದರು. 20ರಂದು ನಮ್ಮ ರಾಯಭಾರ ಕಚೇರಿಯ ಸಿಬ್ಬಂದಿಯ ಕುಟುಂಬಗಳಿಗೂ ಭಾರತಕ್ಕೆ ಮರಳಲು ಸೂಚನೆ ಹೋಯಿತು. ಮಗ ಅಥವಾ ಮಗಳು ಅಂಥ ದೇಶದಲ್ಲಿದ್ದರೆ ಮನೆಯಲ್ಲಿ ಮೊದಲೇ ಒಂದು ಗೆರೆ ಎಳೆದಿಟ್ಟುಕೊಳ್ಳುವುದು ಒಳ್ಳೆಯದು. ಇಂಥ ಗುರುತು ಎರಡು ಕಂಡರೆ ಚರ್ಚೆಯಿಲ್ಲ, ಹೊರಡುವುದು. ಗಾಬರಿಯ ದಿನ ಯೋಚಿಸಲು ಕೂತರೆ ನಾಲ್ಕು ದಿನ ನೋಡೋಣ ಅನ್ನುವ ಮಾತೇ ಗೆಲ್ಲುತ್ತದೆ. ಕಾಲೇಜಿಗೆ ಸೇರಿಸುವಾಗ ಏಜೆಂಟನ್ನು ಹಾಸ್ಟೆಲ್ಲಿನ ಊಟದ ಬಗ್ಗೆ ಕೇಳುವ ನಾವು, ಯುದ್ಧವೋ ರೋಗವೋ ಬಂದು ದೇಶ ಬಿಟ್ಟರೆ ಹಾಜರಿ ಏನು ಮಾಡುತ್ತೀರಿ ಎಂದು ಲಿಖಿತವಾಗಿ ಕೇಳಬೇಕು. ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸುವುದು ಹತ್ತು ನಿಮಿಷದ ಕೆಲಸ, ಅದನ್ನೂ ಮಾಡಬೇಕು.

ಆದರೆ ಇಷ್ಟನ್ನು ಹೇಳಿ ಭಾರವನ್ನೆಲ್ಲ ಮತ್ತೆ ತಂದೆತಾಯಿಯ ತಲೆಗೇ ಹೊರಿಸಿದರೆ, ಮೊದಲೇ ಹೇಳಿದ್ದರಲ್ಲ ಎಂದವರ ಸಾಲಿಗೇ ನಾನೂ ಸೇರಿದಂತಾಗುತ್ತದೆ. ರಾಯಭಾರ ಕಚೇರಿಯ ಸೂಚನೆಗೆ ಎರಡನೆಯ ವಾಕ್ಯ ಇರಬೇಕು. ಮೊದಲನೆಯದು ಹೊರಡಿ ಎಂದರೆ, ಎರಡನೆಯದು ಹೊರಟರೆ ಏನೂ ಕಳೆದುಕೊಳ್ಳುವುದಿಲ್ಲ ಎನ್ನಬೇಕು. ಸೂಚನೆಯ ದಿನದಿಂದ ತಪ್ಪಿದ ಅವಧಿಯನ್ನು ವೈದ್ಯಕೀಯ ಆಯೋಗ ವಿದ್ಯಾರ್ಥಿಯ ವಿರುದ್ಧ ಎಣಿಸುವುದಿಲ್ಲ, ಟಿಕೆಟ್ ದರಕ್ಕೆ ಮಿತಿ ಇರುತ್ತದೆ ಅಥವಾ ಹೆಚ್ಚಿನದನ್ನು ಸರ್ಕಾರ ತುಂಬುತ್ತದೆ, ಶಿಕ್ಷಣ ಸಾಲದ ಕಂತು ಅಷ್ಟು ತಿಂಗಳು ಮುಂದಕ್ಕೆ ಹೋಗುತ್ತದೆ ಎಂಬಷ್ಟು ಅದರಲ್ಲಿದ್ದರೆ ಸಾಕು. ಯುದ್ಧ ಬರದೆ ಹೋದರೂ ಇದರಲ್ಲಿ ನಷ್ಟ ಕೆಲವು ಕೋಟಿ. ಬಂದ ಮೇಲೆ 90 ವಿಮಾನ ಹಾರಿಸುವುದಕ್ಕಿಂತ ಅದು ಕಡಿಮೆಯೇ.

ಆ ಎರಡನೆಯ ವಾಕ್ಯವನ್ನು ಬರೆಯುವ ಅಧಿಕಾರ ಕೀವ್‌ನಲ್ಲೋ ಟೆಹರಾನ್‌ನಲ್ಲೋ ಕೂತ ರಾಯಭಾರಿಗಿಲ್ಲ. ಅದಕ್ಕೆ ದೆಹಲಿಯಲ್ಲಿ ನಾಲ್ಕು ಇಲಾಖೆಗಳು ಒಂದು ಮೇಜಿನ ಸುತ್ತ ಕೂರಬೇಕು. ಎಲ್ಲೂ ಯುದ್ಧದ ಸುದ್ದಿಯಿಲ್ಲದ ಒಂದು ವಾರ ನೋಡಿಕೊಂಡು ಕೂತರೆ ಸಾಕು, ಆ ಕೆಲಸ ಮುಗಿಯುತ್ತದೆ. ಸುದ್ದಿ ಬಂದ ಮೇಲೆ ಕೂತರೆ ಫೆಬ್ರವರಿ 22ರ ಸೂಚನೆಯಂಥದ್ದೇ ಇನ್ನೊಂದು ಸೂಚನೆ ಹೊರಡುತ್ತದೆ.